ವರದಿಯ ನಡುವೆ

ಬಕೆಟ್ಟಿಗೆ ಬೀಳುತ್ತಿದ್ದ ನೀರು ಚಪ್ಪಾಳೆ ತಟ್ಟಿದಂತೆ ಕೇಳಿಸಿತು. ಆಯುಕ್ತ ನಲ್ಲಿಯನ್ನು ಅರ್ಧ ತಿರುಗಿಸಿದ. ಚಪ್ಪಾಳೆ ತೆಳುವಾಯಿತು, ನಿಲ್ಲಲಿಲ್ಲ. ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು, ಉಳಿದವರೆಲ್ಲ ನಿಲ್ಲಿಸಿದ್ದು ಗೊತ್ತಾಗದೆ, ಇನ್ನೂ ತಟ್ಟುತ್ತಲೇ ಇರುವಂತಿತ್ತು. ನಲ್ಲಿಯನ್ನು ಪೂರ್ತಿ ಬಿಗಿದು ಕನ್ನಡಿ ನೋಡಿದ. ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಸಭ್ಯವಾದ ಮುಖ, ಮೈಕಿಗೆ ಒಗ್ಗಿದ ಮುಖ. ಹದಿನೈದು ದಿನದ ಹಿಂದೆ ಇದೇ ಮುಖ, ನಗರಸಭೆಯ ತುಂಬಿದ ಸಭೆಯಲ್ಲಿ, ಅದೇ ಮಧ್ಯಾಹ್ನ ಸತ್ತುಹೋಗಿದ್ದ ಒಬ್ಬ ನೌಕರನಿಗೆ ನಿವೃತ್ತಿ ಜೀವನ ಸುಖವಾಗಿರಲಿ ಎಂದು ಹಾರೈಸಿತ್ತು. ಹಾರೈಸಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಆಮೇಲೊಂದು ತಮಾಷೆಯನ್ನೂ ಮಾಡಿತ್ತು.

ಸಭೆ ಹದಿನೈದು ದಿನಕ್ಕೊಮ್ಮೆ. ಸಭೆಯ ಮುಖ್ಯಭಾಗ ಆಯುಕ್ತರ ವರದಿ: ಯಾವ ರಸ್ತೆ ಅಗೆದಿದ್ದೇವೆ, ಯಾವುದನ್ನು ಮುಚ್ಚಿದ್ದೇವೆ, ರೈಲು ಹಳಿಯ ಕೆಳಸೇತುವೆ ಎಲ್ಲಿಗೆ ಬಂತು, ಹೊಸ ಗ್ರಂಥಾಲಯದ ಛಾವಣಿ ಯಾಕೆ ಸೋರುತ್ತಿದೆ. ಇದೆಲ್ಲ ಮುಗಿದ ಮೇಲೆ ಸಿಬ್ಬಂದಿ ಸುದ್ದಿ. ಯಾರು ಹೊಸದಾಗಿ ಬಂದರು, ಯಾರಿಗೆ ಬಡ್ತಿ ಸಿಕ್ಕಿತು, ಯಾರು ನಿವೃತ್ತರಾಗುತ್ತಿದ್ದಾರೆ. ಸಿಬ್ಬಂದಿ ಸುದ್ದಿಯನ್ನು ಶುರು ಮಾಡಿದವನು ಅವನೇ. ನಿವೃತ್ತರಾಗುವವರ ಹೆಸರು ಓದಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಎಂದು ಮಾಡಿದವನೂ ಅವನೇ; ಹಿಂದೆಲ್ಲೋ ಓದಿದ್ದನೋ, ತಾನೇ ಯೋಚಿಸಿದ್ದನೋ ಈಗ ನೆನಪಿಲ್ಲ. ಆ ದಿನ ಬೀದಿದೀಪದ ಮೇಸ್ತ್ರಿಯ ಹೆಸರು ಓದಿ ತಲೆಯೆತ್ತಿದ್ದ. ಎರಡನೆಯ ಸಾಲಿನಲ್ಲಿ ಮೇಸ್ತ್ರಿಗೆಂದು ಇಟ್ಟಿದ್ದ ಕುರ್ಚಿ ಖಾಲಿಯಿತ್ತು. "ಇನ್ನೂ ಯಾವುದೋ ಕಂಬದ ಮೇಲೇ ಇರಬೇಕು. ಯಾರಾದ್ರೂ ಹೋಗಿ ಹೇಳಿ, ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಇಳಿದು ಆರಾಮಾಗಿ ಮಲಗಲಿ ಅಂತ." ನಗುವಿಗೆ ಜಾಗ ಬಿಟ್ಟು ನಿಂತಿದ್ದ. ನಗು ಬರಲಿಲ್ಲ. ಬದಲಿಗೆ ಎಲ್ಲರೂ ಎದ್ದರು, ಎಂದಿಗಿಂತ ಬೇಗ ಎದ್ದರು, ಎಂದಿಗಿಂತ ಜೋರಾಗಿ ತಟ್ಟಿದರು. ಎಂಥ ಪ್ರೀತಿ ಇಟ್ಟಿದ್ದಾರೆ ಈ ಮನುಷ್ಯನ ಮೇಲೆ ಎಂದುಕೊಂಡು, ಗಂಟಲು ತುಂಬಿ ಬಂದು, ತಾನೂ ತಟ್ಟಿದ. ಅವನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹೆಂಡತಿ ಬಾಗಿಲು ಬಡಿದಳು. ನೀರಿನ ಸದ್ದು ನಿಂತು ಎಷ್ಟು ಹೊತ್ತಾಯಿತು, ಒಳಗೇ ಸಂಸಾರ ಹೂಡಿದ್ದೀರಾ ಎಂದು ಕೇಳಿದಳು. ತಿಂಡಿಗೆ ಕೂತಾಗ ಅವನ ತಟ್ಟೆಯ ಕಡೆಗೂ ನೋಡದೆ, ಇವತ್ತು ಹೇಳಿಬಿಡುತ್ತೀರಿ ತಾನೆ ಎಂದಳು. ಅವನು ಹೂಂ ಎಂದ. ಹೇಗೆ ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ಮತ್ತೆ ಬಿಡಿಸಿಡಲು ಹೊರಟಾಗ ಅವಳು ಲೋಟ ಕೆಳಗಿಟ್ಟಳು. "ರೀ, ತಪ್ಪಾಯ್ತು ಅನ್ನೋ ಒಂದು ಮಾತಿಗೆ ಎಷ್ಟು ಪೀಠಿಕೆ? ನೀವೂ ನಿದ್ದೆ ಮಾಡ್ತಿಲ್ಲ, ನನಗೂ ಬಿಡ್ತಿಲ್ಲ. ಹೇಳಿ, ಕೈ ತೊಳ್ಕೊಂಡು ಬನ್ನಿ." ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ತಿಂಡಿ ಮುಗಿಸಿ ನಲ್ಲಿಯ ಕೆಳಗೆ ಬೆರಳು ಹಿಡಿದಾಗ, ನಿಜವಾಗಿ ತನಗೆ ಬೇಕಾದದ್ದು ಇಷ್ಟೇ ಇರಬಹುದೇ ಎನಿಸಿ ನೀರನ್ನು ಬೇಗ ನಿಲ್ಲಿಸಿದ.

ದಾರಿಯುದ್ದಕ್ಕೂ ಬೀದಿದೀಪಗಳು ಹಗಲು ಬೆಳಕಿನಲ್ಲಿ ಉರಿಯುತ್ತಿದ್ದವು. ಆರಿಸುವುದು ಯಾರ ಕೆಲಸ ಎಂದು ಡ್ರೈವರನನ್ನು ಕೇಳಲು ಬಾಯಿ ತೆರೆದು, ಉತ್ತರ ಹೊಳೆದು, ಮುಚ್ಚಿದ. ಡ್ರೈವರನೂ ಆ ಸಂಜೆ ಸಭಾಂಗಣದ ಹಿಂಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೂ ಗೊತ್ತಿತ್ತು. ವಾಪಸು ಬರುವಾಗ ಆಯುಕ್ತ ಹಿಂದಿನ ಸೀಟಿನಲ್ಲಿ ಕೂತು, ಇವತ್ತಿನ ಚಪ್ಪಾಳೆ ಕೇಳಿದೆಯಾ, ಜನ ಮರೆಯಲ್ಲ ನೋಡು ಎಂದಿದ್ದ. ಡ್ರೈವರ ಹೌದು ಸಾರ್ ಎಂದಿದ್ದ. ಕನ್ನಡಿಯಲ್ಲಿ ಕಣ್ಣು ಎತ್ತಿರಲಿಲ್ಲ. ವಿಷಯ ಗೊತ್ತಾದದ್ದು ಮನೆಗೆ ಬಂದ ಮೇಲೆ, ಸಭೆಗೆ ಹೋಗುವಾಗ ಚೇಂಬರಿನಲ್ಲೇ ಬಿಟ್ಟುಹೋಗಿ ಮನೆಗೆ ಹೊರಡುವಾಗ ಎತ್ತಿಕೊಳ್ಳುತ್ತಿದ್ದ ಫೋನನ್ನು ತೆರೆದಾಗ. ಫೋನು ಬಿಟ್ಟುಹೋಗುವುದೂ ಅವನದೇ ಶಿಸ್ತು. ಎಷ್ಟೊಂದು ಶಿಸ್ತುಗಳನ್ನು ಈ ಊರಿಗೆ ತಂದೆ ನಾನು ಎಂದು ಉರಿಯುತ್ತಿರುವ ದೀಪಗಳನ್ನು ನೋಡುತ್ತ ಕೂತ. ಯಾರೋ ಸೈಕಲ್ಲಿನಿಂದ ನಮಸ್ಕಾರ ಮಾಡಿದರು. ಅವರ ಮುಖದಲ್ಲಿ ನಗುವಿತ್ತೇ ಎಂದು ತಿರುಗಿ ನೋಡುವಷ್ಟರಲ್ಲಿ ಕಾರು ಮುಂದೆ ಬಂದಿತ್ತು.

ಚೇಂಬರಿನಲ್ಲಿ ಸಭಾ ಕಾರ್ಯದರ್ಶಿ ಸಂಜೆಯ ವರದಿಯ ಕರಡು ಹಿಡಿದು ಕಾಯುತ್ತಿದ್ದಳು. ಸಭೆಯಲ್ಲಿ ಅವಳ ಕುರ್ಚಿ ಅವನ ಪಕ್ಕದಲ್ಲೇ; ಕೈ ಚಾಚಿದರೆ ತಾಗುವಷ್ಟು ಹತ್ತಿರ. ಕರಡಿನ ಮೇಲೆ ಬೇರೆಯಾಗಿ ಒಂದು ಹಾಳೆ ಇಟ್ಟಿದ್ದಳು: ಕಳೆದ ಸಭೆಯಲ್ಲಿ ಮಾಹಿತಿಯ ಕೊರತೆಯಿಂದ ಆದ ಪ್ರಮಾದಕ್ಕೆ ಆಯುಕ್ತರು ವಿಷಾದಿಸುತ್ತಾರೆ, ನಡಾವಳಿಯಲ್ಲಿ ಆ ಭಾಗವನ್ನು ತಿದ್ದಿ ಓದಿಕೊಳ್ಳತಕ್ಕದ್ದು. ಅವನು ಪೆನ್ನು ತೆಗೆದು ವಿಷಾದಿಸುತ್ತಾರೆ ಎಂಬುದನ್ನು ಕ್ಷಮೆ ಕೋರುತ್ತಾರೆ ಎಂದು ಮಾಡಿದ. ಅದು ತೀರ ಬಾಗಿದಂತೆ ಕಂಡು ಮತ್ತೆ ಹೊಡೆದುಹಾಕಿದ. ಹಾಕಿದ ಮೇಲೆ ತನ್ನ ಮೇಲೇ ಹೇಸಿಗೆಯಾಯಿತು. ಮಾಹಿತಿಯ ಕೊರತೆ ಎಂಬಲ್ಲಿ ಪೆನ್ನು ನಿಂತಿತು. ಇಷ್ಟು ದಿನ ಕೇಳದೆ ಬಿಟ್ಟಿದ್ದನ್ನು, ಹಾಳೆಯಿಂದ ತಲೆ ಎತ್ತದೆಯೇ ಕೇಳಿದ.

"ನಿಮಗೆ ಯಾವಾಗ ಗೊತ್ತಾಯ್ತು?"

"ನೀವು ಕೆಳಸೇತುವೆ ಓದ್ತಾ ಇದ್ರಿ ಸಾರ್."

ಕೆಳಸೇತುವೆ ವರದಿಯ ಮೊದಲ ಪುಟದಲ್ಲಿತ್ತು. ಆಮೇಲೆ ಅವನು ಗ್ರಂಥಾಲಯ ಓದಿದ್ದ, ಚರಂಡಿ ಓದಿದ್ದ, ಬೀದಿನಾಯಿಗಳ ವಿಷಯ ಓದಿದ್ದ, ನಡುವೆ ನೀರು ಕುಡಿದಿದ್ದ. ಅವಳು ತಾನಾಗಿಯೇ ಮುಂದುವರಿಸಿದಳು: ಇಂಜಿನಿಯರನ ಫೋನು ಮೊದಲು ಅದುರಿತಂತೆ, ಅವನು ಮೇಜಿನ ಕೆಳಗೆ ಬಗ್ಗಿ ಮಾತಾಡಿ ಪಕ್ಕದವನಿಗೆ ಹೇಳಿದ, ಹೀಗೆ ಸಾಲಿನಿಂದ ಸಾಲಿಗೆ ಹೋಯಿತು. ಸದಸ್ಯರೂ ಪಿಸುಗುಟ್ಟಿದರು. ಅವಳು ಒಂದು ಚೀಟಿಯಲ್ಲಿ ಬರೆದು ಅಂಗೈ ಕೆಳಗೆ ಇಟ್ಟುಕೊಂಡಿದ್ದಳು.

"ಕೊಡಬಹುದಿತ್ತಲ್ಲ."

ಅವಳು ತನ್ನ ಕೈಯನ್ನೇ ನೋಡಿದಳು. ಚುಚ್ಚುವ ದನಿಯಲ್ಲ, ಕಚೇರಿಯ ಯಾವುದೋ ಸುತ್ತೋಲೆಯನ್ನು ನೆನಪಿಸುವವಳಂತೆ ಹೇಳಿದಳು: "ಆಕಾಶ ಬಿದ್ರೂ ಆಮೇಲೆ ಹೇಳಿ ಅಂತ ನೀವೇ ಅಂದಿದ್ರಿ ಸಾರ್."

ಅಂದಿದ್ದ. ಈ ಊರಿಗೆ ಬಂದ ಹೊಸತರಲ್ಲಿ ವರದಿ ಎಂದರೆ ಸಂತೆಯಾಗಿತ್ತು. ಮಾತುಮಾತಿಗೂ ಪಾಯಿಂಟ್ ಆಫ್ ಆರ್ಡರ್ ಎಂದು ಏಳುವ ಒಬ್ಬ ಸದಸ್ಯನಿದ್ದ. ಊರೆಲ್ಲ ಅವನನ್ನು ಪಾಯಿಂಟ್ ಎಂದೇ ಕರೆಯುತ್ತಿತ್ತು, ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಸುದ್ದಿ. ಒಂದು ಸಂಜೆ ಪಾಯಿಂಟ್ ಅಲ್ಲ, ಪಾಪ ಇಂಜಿನಿಯರ, ಎಂದೂ ಬಾಯಿ ಬಿಡದವನು, ಅರ್ಧ ಎದ್ದು ನಿಂತು, ಸಾರ್, ಆ ಪೈಪು ಹೋಗೋದು ಆ ರಸ್ತೇಲಲ್ಲ ಎಂದಿದ್ದ. ಆಯುಕ್ತ ಮೈಕಿನಲ್ಲೇ, ಕೂತ್ಕೊಳ್ಳಿ, ನನ್ನ ವರದಿ ನಡೀವಾಗ ಆಕಾಶ ಬಿದ್ರೂ ಆಮೇಲೆ ಹೇಳಿ ಎಂದ. ಸಭೆ ಗೊಳ್ಳೆಂದು ನಕ್ಕಿತು. ಇಂಜಿನಿಯರ ಕುರ್ಚಿ ಹಿಂದಕ್ಕೆ ಸರಿದಿದ್ದು ಗೊತ್ತಾಗದೆ ತಡವರಿಸಿ ಕೂತ. ಆ ನಗು ಆಯುಕ್ತನಿಗೆ ಎಷ್ಟು ಹಿತವಾಗಿತ್ತೆಂದರೆ ಮುಂದಿನ ಸಭೆಯಲ್ಲಿ ಅದನ್ನೇ ನಿಯಮ ಮಾಡಿದ. ವರದಿಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಸಭೆಗಳು ಬೇಗ ಮುಗಿಯತೊಡಗಿದವು. ಬೇರೆ ಊರಿನ ಆಯುಕ್ತರು ಬಂದು ನೋಡಿಕೊಂಡು ಹೋದರು. ಪೈಪು ಹೋಗುತ್ತಿದ್ದದ್ದು ಬೇರೆ ರಸ್ತೆಯಲ್ಲೇ.

ಹನ್ನೊಂದರ ಹೊತ್ತಿಗೆ ಪಾಯಿಂಟ್ ಫೋನು ಮಾಡಿದ. ಬಲು ಪ್ರೀತಿಯಿಂದ ಆರೋಗ್ಯ ವಿಚಾರಿಸಿದ. ಆಮೇಲೆ, ಇವತ್ತು ಹಿಂದಿನ ಸಭೆಯ ನಡಾವಳಿ ದೃಢೀಕರಣಕ್ಕೆ ಬಂದಾಗ ತಾನು ಎದ್ದು ಮೇಸ್ತ್ರಿಯ ವಿಷಯ ಎತ್ತುವುದಾಗಿ ತಿಳಿಸಿದ. ದೃಢೀಕರಣ ವರದಿಗಿಂತ ಮುಂಚೆ ಬರುತ್ತದಲ್ಲ, ಆದ್ದರಿಂದ ನಿಮ್ಮ ನಿಯಮಕ್ಕೆ ಭಂಗವಿಲ್ಲ ಎಂದು ಸೇರಿಸಿದ. "ಸತ್ತವರಿಗೆ ರಿಟೈರ್‌ಮೆಂಟ್ ಕೊಟ್ಟ ನಗರಸಭೆ ಅಂತ ಜನ ಆಡ್ಕೋತಾ ಇದ್ದಾರೆ ಆಯುಕ್ತರೇ. ನಾನು ಕೇಳ್ತೀನಿ, ನೀವು ತಿದ್ದಿ. ಇಬ್ಬರಿಗೂ ಒಳ್ಳೇದು." ನೀವೂ ಎದ್ದು ತಟ್ಟಿದ್ರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಆಯಿತು ಎಂಬ ಮಾತಾಗಿ ಹೊರಬಿತ್ತು. ಫೋನು ಇಟ್ಟ ಮೇಲೆ, ಸಂಜೆಗೆ ಮೊದಲು ಮೇಸ್ತ್ರಿಯ ಹೆಂಡತಿಯನ್ನು ನೋಡಿ ಬರಬೇಕೆಂದು ಎದ್ದ. ಸಭೆ ಟಿವಿಯಲ್ಲಿ ಬರುತ್ತದೆ. ಗಂಡನ ಹೆಸರು ಇದ್ದಕ್ಕಿದ್ದಂತೆ ಕೇಳಿದರೆ ಆಕೆಗೆ ಗಾಬರಿಯಾದೀತು. ಮುಂಚೆಯೇ ಹೇಳುವುದು ಸೌಜನ್ಯ. ಮೆಟ್ಟಿಲಿಳಿಯುತ್ತ ಇದು ಸೌಜನ್ಯವಲ್ಲ, ತಾಲೀಮು ಎಂದು ಗೊತ್ತಾಯಿತು. ಟಿವಿಯ ಮುಂದೆ ಕೇಳಬೇಕಾದ ಕ್ಷಮೆಯನ್ನು ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಕೇಳಿ ನೋಡುವುದು. ಗೊತ್ತಾದರೂ ಇಳಿಯುತ್ತಲೇ ಇದ್ದ.

ಮನೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ತಿರುವಿನಲ್ಲಿ ಭುಜ ಗೋಡೆಗೆ ಉಜ್ಜಿ ಸುಣ್ಣ ಅಂಟಿತು. ಇಲ್ಲಿಂದ ಮೇಸ್ತ್ರಿಯನ್ನು ಹೇಗೆ ಇಳಿಸಿರಬಹುದು ಎಂಬ ಯೋಚನೆ ತಾನಾಗಿ ಬಂತು. ಅದನ್ನು ಒದರಿಕೊಳ್ಳುವವನಂತೆ ಭುಜ ಒದರಿದ. ಬಾಗಿಲು ತೆರೆದವಳು ಮೇಸ್ತ್ರಿಯ ತಂಗಿ. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಯಾರೆಂದು ಕೇಳದೆ ದಾರಿ ಬಿಟ್ಟಳು. ಒಳಗೆ ಮೇಸ್ತ್ರಿಯ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಯಾರದೋ ಮನೆಯ ಉದ್ದನೆಯ ಪರದೆ ಹೊಲಿಯುತ್ತಿದ್ದಳು. ಬಂದದ್ದು ನೋಡಿದರೂ ಅಂಚು ಮುಗಿಯುವವರೆಗೆ ಕಾಲು ನಿಲ್ಲಿಸಲಿಲ್ಲ. ಆಮೇಲೆ ದಾರ ಕತ್ತರಿಸಿ, ಕೂತ್ಕೊಳ್ಳಿ ಸಾರ್ ಎಂದಳು. ಗೋಡೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ಅವನು ಕೋಣೆಯ ನಡುವೆ, ಫ್ಯಾನಿನ ಕೆಳಗೆ ಎಳೆದುಕೊಂಡು ಕೂತ. ಎದುರಿಗೆ ಟಿವಿ. ಗಾಜಿನಲ್ಲಿ ತನ್ನದೇ ಆಕಾರ, ತಲೆ ಚಿಕ್ಕದಾಗಿ, ಮೊಣಕಾಲು ದೊಡ್ಡದಾಗಿ.

ತಾಲೀಮು ಮಾಡಿಕೊಂಡು ಬಂದ ಮಾತುಗಳು ಬಂದವು. ನಡೆದದ್ದಕ್ಕೆ ತಾನೇ ಹೊಣೆ ಎಂದ. ಇವತ್ತು ಸಂಜೆ ಸಭೆಯಲ್ಲಿ ಎಲ್ಲರ ಮುಂದೆ ಅದನ್ನು ತಿದ್ದುವುದಾಗಿ ಹೇಳಿದ. ಅವರ ಸೇವೆಯನ್ನು ನಗರಸಭೆ ಮರೆಯುವುದಿಲ್ಲ ಎಂದ. ಕೊನೆಯ ಮಾತು ಹೇಳುವಾಗ ತನ್ನ ದನಿ ಮೈಕಿನ ದನಿಯಾದದ್ದು ಕೇಳಿಸಿ ನಿಲ್ಲಿಸಿದ. ಆಕೆ ಬೆರಳಿಗೆ ಸುತ್ತಿಕೊಂಡ ದಾರವನ್ನು ಬಿಡಿಸುತ್ತ, ಸಾರ್, ನಿಮಗೆ ಅವರ ಗುರುತಿತ್ತಾ ಎಂದು ಕೇಳಿದಳು. ಇತ್ತು ಎಂದ. ಮುಖ ನೆನಪಿಸಿಕೊಳ್ಳಲು ನೋಡಿದ. ಏಣಿಯೊಂದು ನೆನಪಿಗೆ ಬಂತು, ಏಣಿಯ ಮೇಲೆ ಎರಡು ಹಿಮ್ಮಡಿ. ಅದಕ್ಕಿಂತ ಮೇಲೆ ಅವನು ಎಂದೂ ನೋಡಿರಲಿಲ್ಲ.

"ತಿದ್ದಬೇಡಿ," ಎಂದಳು ಆಕೆ.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಕೆಯ ಮರ್ಯಾದೆ ಎಂದುಕೊಂಡು, ಇಲ್ಲಮ್ಮ, ತಪ್ಪು ತಪ್ಪೇ ಎಂದು ಶುರು ಮಾಡಿದ. ಆಕೆ ತಲೆಯಾಡಿಸಿದಳು. ಹೆಸರು ಸಭೆಯಲ್ಲಿ ಓದುತ್ತಾರೆಂದು ಗೊತ್ತಾದ ದಿನದಿಂದ ಮೇಸ್ತ್ರಿ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದನಂತೆ. ಟಿವಿಯಲ್ಲಿ ಬರುತ್ತದೆ, ತಪ್ಪದೆ ನೋಡಿ ಎಂದು. ಅಣ್ಣಂದಿರ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು, ಅವರಿಗೂ ಮಾಡಿದ್ದ. ಅಂಗಿ ಇಸ್ತ್ರಿಯಾಗಿತ್ತು. ಆ ಮಧ್ಯಾಹ್ನ ಊಟ ಮಾಡಿ ಎದ್ದವನು ಬಾಗಿಲ ಹತ್ತಿರ ಕೂತುಬಿಟ್ಟ. ಆಸ್ಪತ್ರೆಯವರು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಸಂಜೆಯೊಳಗೆ ಮನೆಗೆ ತಂದಿದ್ದರು.

"ಇಲ್ಲೇ ಮಲಗಿಸಿದ್ವಿ," ಎಂದು ಆಕೆ ಗಲ್ಲದಿಂದ ಅವನ ಕುರ್ಚಿಯ ಕಾಲುಗಳನ್ನು ತೋರಿಸಿದಳು. ಏಳುವುದೋ ಕೂತೇ ಇರುವುದೋ ತಿಳಿಯದೆ ಅವನು ಪಾದಗಳನ್ನು ಒಳಗೆ ಎಳೆದುಕೊಂಡ. "ಮನೆ ತುಂಬ ಜನ. ಗಡಿಯಾರ ನೋಡಿದೆ, ಸಭೆ ಹೊತ್ತಾಗಿತ್ತು. ಟಿವಿ ಹಾಕು ಅಂದೆ. ಇವಳು ಬೈದಳು."

"ಬೈದೆ," ಎಂದಳು ನಾದಿನಿ ಬಾಗಿಲಿಗೆ ಒರಗಿಕೊಂಡೇ. "ಹೆಣದ ಮುಂದೆ ಯಾರಾದ್ರೂ ಟಿವಿ ಹಾಕ್ತಾರಾ?"

"ಅವರು ಹೇಳಿದ್ದು, ತಪ್ಪದೆ ನೋಡಿ ಅಂತ. ನೋಡ್ದೆ ಇನ್ನೇನು ಮಾಡ್ಲಿ?" ಆಕೆ ಇದನ್ನು ನಾದಿನಿಗೆ ಹೇಳಿ ಅವನ ಕಡೆ ತಿರುಗಿದಳು. "ಹೆಸರು ಬಂತು ಸಾರ್. ನೀವು ಕಂಬದ ಮೇಲಿರಬೇಕು ಅಂದ್ರಿ. ನನಗೆ ನಗು ಬಂದುಬಿಡ್ತು. ಅವರು ಹಾಗೇ ತಾನೆ ಇದ್ದದ್ದು, ಕರೆದ ಕಡೆ ಹೊತ್ತಿಗೆ ಸರಿಯಾಗಿ ಹೋದೋರೇ ಅಲ್ಲ. ಮದುವೆಗೂ ತಡವಾಗಿ ಬಂದಿದ್ರು. ಆಮೇಲೆ ಅಲ್ಲಿ ಎಲ್ಲರೂ ಎದ್ರು. ಆಗ ಹೊಳೀತು. ಈ ಮನೇಲಿ ಎಲ್ಲರಿಗೂ ಗೊತ್ತು, ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಲ್ಲಿ ಅವರು ಇನ್ನೂ ಇದ್ದಾರೆ. ಎಲ್ಲೋ ಹೊರಗಡೆ ಇದ್ದಾರೆ, ತಡವಾಗಿದೆ, ಬರ್ತಾರೆ. ಆ ಚಪ್ಪಾಳೆ ಮುಗಿಯೋವರೆಗೂ ಇದ್ರು ಸಾರ್."

ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅವನು ಒಂದು ಮಾತು ಹೇಳಬಹುದಿತ್ತು. ಹೌದಮ್ಮ, ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದಿತ್ತು, ಇಲ್ಲವೆ ನಿಜ ಹೇಳಬಹುದಿತ್ತು. ಆಕೆ ಪರದೆಯ ಇನ್ನೊಂದು ತುದಿಯನ್ನು ಸೂಜಿಯ ಕೆಳಗೆ ಎಳೆದುಕೊಂಡಳು. "ನಿಮಗೆ ಕಷ್ಟ ಆಗಿದೆ, ಕಣ್ಣು ನೋಡಿದ್ರೆ ಗೊತ್ತಾಗತ್ತೆ. ತಿದ್ದಿದ್ರೆ ನಿಮಗೆ ಹಗುರ ಆಗತ್ತೆ. ಆದ್ರೆ ಅದು ನಿಮ್ಮದು ಸಾರ್. ಇದು ನನ್ನದು." ಕಾಲು ಮತ್ತೆ ಯಂತ್ರ ತುಳಿಯತೊಡಗಿತು.

ನಾದಿನಿ ಮೆಟ್ಟಿಲಿನವರೆಗೆ ಬಂದಳು. ಕಳಿಸಿಕೊಡಲು ಬಂದಳೆಂದುಕೊಂಡ. ಯಂತ್ರದ ಸದ್ದು ಒಳಗೆ ನಡೆಯುತ್ತಿದೆಯೇ ಎಂದು ಒಮ್ಮೆ ಕಿವಿಗೊಟ್ಟು, ಅವನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು, ತಗ್ಗಿದ ದನಿಯಲ್ಲಿ ಹೇಳಿದಳು. "ಆಫೀಸಿಗೆ ಫೋನ್ ಮಾಡಿದ್ದು ನಾನು. ಸಭೆ ಶುರುವಾಗೋ ಹೊತ್ತಿಗೆ. ನಿಮ್ಮ ಇಂಜಿನಿಯರ್‌ಗೇ ಮಾಡಿದ್ದೆ, ಅಯ್ಯೋ ಅಂದ್ರು, ಈಗಲೇ ತಿಳಿಸ್ತೀನಿ ಅಂದ್ರು." ಅವಳು ಕಾದಳು. ಅವನು ಮೆಟ್ಟಿಲಿನ ಕಂಬಿಯನ್ನು ಹಿಡಿದ. "ಟಿವಿಲಿ ಅಷ್ಟೂ ಮುಖ ನೋಡಿದೆ. ಅಷ್ಟು ದೊಡ್ಡ ದೊಡ್ಡವರು, ಒಬ್ಬರ ಬಾಯಲ್ಲೂ ನಾಲಿಗೆ ಇರಲಿಲ್ವಾ ಸಾರ್? ಅತ್ತಿಗೆಗೆ ಇದು ಗೊತ್ತಿಲ್ಲ. ಗೊತ್ತಾಗಬಾರದು. ಗೊತ್ತಾದ್ರೆ ಆ ಚಪ್ಪಾಳೆ ಏನು ಅಂತ ಅವಳಿಗೆ ತಿಳಿಯತ್ತೆ. ನನಗೆ ತಿಳೀತು, ಸಾಕು." ಅವಳು ಒಳಗೆ ಹೋಗಿ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡಳು.

ಕಾರನ್ನು ಕಳಿಸಿ ನಡೆದ. ಎಲ್ಲಿಗೆಂದು ಗೊತ್ತಿಲ್ಲದೆ ನಡೆಯುವವನಿಗೆ ಈ ಊರಿನಲ್ಲಿ ಎಲ್ಲ ಕಡೆಯೂ ತನ್ನದೇ ಫಲಕಗಳು: ಕಾಮಗಾರಿ ನಡೆದಿದೆ, ನಿಧಾನವಾಗಿ ಚಲಿಸಿ, ಅಡಚಣೆಗೆ ಕ್ಷಮೆ ಇರಲಿ. ಕ್ಷಮೆಯನ್ನು ಎಷ್ಟು ಸಲೀಸಾಗಿ ತಗಡಿನ ಮೇಲೆ ಬರೆಸಿದ್ದೇನೆ. ಅಗೆದ ರಸ್ತೆಯ ಅಂಚಿನಲ್ಲಿ ಹಲಗೆಯ ಮೇಲೆ ಹಾದು ಹೋಗುತ್ತಿದ್ದ ಮುದುಕಿಯೊಬ್ಬಳು ಅವನ ತೋಳು ಹಿಡಿದು ದಾಟಿ, ಯಾರಪ್ಪ ಇದನ್ನ ಅಗೆಸಿದ್ದು, ಅವನ ಕೈ ಸೇದಿಹೋಗ ಎಂದು ಬೈದು, ನಿನಗೆ ಒಳ್ಳೇದಾಗ್ಲಿ ಮಗಾ ಎಂದು ಹರಸಿ ಹೋದಳು. ಬೇರೆ ದಿನವಾಗಿದ್ದರೆ ಇದನ್ನು ಹೆಂಡತಿಗೆ ಹೇಳಿ ನಗುತ್ತಿದ್ದ. ಈಗ ಯೋಚನೆ ಬೇರೆ ಕಡೆ ಓಡುತ್ತಿತ್ತು. ತಿದ್ದಿದರೆ ಪಾಯಿಂಟ್ ಅಷ್ಟಕ್ಕೆ ಬಿಡುವುದಿಲ್ಲ. ಆಯುಕ್ತರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತಾನೆ. ಇಂಜಿನಿಯರ ತನಗೆ ಗೊತ್ತಿತ್ತು, ಹೇಳಲಾಗಲಿಲ್ಲ ಎನ್ನುತ್ತಾನೆ. ಯಾಕೆ ಆಗಲಿಲ್ಲ ಎಂಬುದಕ್ಕೆ ಎಲ್ಲರೂ ತನ್ನ ಮುಖ ನೋಡುತ್ತಾರೆ. ಆ ಹೊಲಿಗೆ ಯಂತ್ರದ ಎದುರಿಗಿನ ಟಿವಿಯಲ್ಲಿ ಇಷ್ಟೂ ಬರುತ್ತದೆ. ತಿದ್ದದೆ ಹೋದರೆ? ತಿದ್ದದೆ ಹೋದರೆ ತನ್ನ ನಿಯಮದ ಮಾತೇ ಏಳುವುದಿಲ್ಲ. ಆಕೆಗೆ ಬೇಕಾದದ್ದೂ ತನಗೆ ಅನುಕೂಲವಾದದ್ದೂ ಒಂದೇ ಆಗಿಬಿಟ್ಟಿತ್ತು, ಅದೇ ಅವನನ್ನು ಎಲ್ಲಿಯೂ ಕೂರಲು ಬಿಡುತ್ತಿರಲಿಲ್ಲ. ಯಾವ ಕಡೆ ಹೊರಳಿದರೂ ಯಾರದೋ ಸೆರಗಿನ ಹಿಂದೆ ಅಡಗಿದಂತೆ. ಚಹಾದ ಅಂಗಡಿಯಲ್ಲಿ ಅರ್ಧ ಕುಡಿದು ಎದ್ದ. ಉದ್ಯಾನದ ಬೆಂಚಿನಲ್ಲಿ ಕೂತು ಎದ್ದ. ಭುಜದ ಸುಣ್ಣವನ್ನು ಉಜ್ಜಿದಷ್ಟೂ ಅದು ಬಟ್ಟೆಯೊಳಕ್ಕೆ ಇಳಿಯಿತು.

ಸಭಾಂಗಣ ತುಂಬಿತ್ತು. ಕ್ಯಾಮರಾದ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಕಾರ್ಯದರ್ಶಿ ವಿಷಾದದ ಹಾಳೆಯನ್ನು ಹೊಸದಾಗಿ ಟೈಪು ಮಾಡಿಸಿ ಅವನ ಮುಂದೆ ಇಟ್ಟಿದ್ದಳು. ಕ್ಷಮೆ ಕೋರುತ್ತಾರೆ ಎಂದೇ ಇತ್ತು, ಅವಳೇ ಆರಿಸಿಕೊಂಡಿದ್ದಳು. ಅಧ್ಯಕ್ಷೆ ಹಿಂದಿನ ಸಭೆಯ ನಡಾವಳಿಯನ್ನು ದೃಢೀಕರಣಕ್ಕೆ ಇಟ್ಟಾಗ ಪಾಯಿಂಟ್ ಎದ್ದ. ಹೇಳಿದಂತೆಯೇ ಮರ್ಯಾದೆಯಿಂದ ಎದ್ದ, ಶಾಲು ಸರಿಮಾಡಿಕೊಂಡ. ಕಳೆದ ಸಭೆಯಲ್ಲಿ ಒಬ್ಬ ಪ್ರಾಮಾಣಿಕ ನೌಕರನ ವಿಷಯದಲ್ಲಿ ಆದ ಅಚಾತುರ್ಯವನ್ನು ನೆನಪಿಸಿದ. ಮೃತರಿಗೆ ಆದ ಅಪಚಾರ ಎಂದ. ಆಯುಕ್ತರು ಅದನ್ನು ತಿದ್ದಬೇಕೆಂದು ಕೋರಿ ಕೂತ. ಅಧ್ಯಕ್ಷೆ ಆಯುಕ್ತನ ಕಡೆ ತಿರುಗಿದಳು. ಅವನು ಎದ್ದ. ಹಾಳೆ ಕೈಯಲ್ಲಿತ್ತು. ಓದಲು ಬಾಯಿ ತೆರೆದವನು ಅದನ್ನು ಬೋರಲಾಗಿ ಮೇಜಿನ ಮೇಲಿಟ್ಟ.

"ತಿದ್ದುಪಡಿ ಬೇಡ," ಎಂದ. "ನಡಾವಳಿಯಲ್ಲಿ ಇರೋದು ಆ ದಿನ ಇಲ್ಲಿ ನಡೆದದ್ದೇ. ನಾನು ಹೆಸರು ಓದಿದಾಗ ಅವರು ತೀರಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಈ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ." ಮೈಕು ಅವನ ಉಸಿರನ್ನೂ ಹಿಡಿಯಿತು. "ಗೊತ್ತಿದ್ದಿದ್ರೆ ಯಾರಾದ್ರೂ ಹೇಳ್ತಿದ್ರು."

ಅವನು ಒಬ್ಬೊಬ್ಬರನ್ನೇ ನೋಡಿದ. ಪಾಯಿಂಟ್ ಕುರ್ಚಿಯ ತೋಳಿನ ಮೇಲೆ ಭಾರ ಹಾಕಿ ಏಳಲು ಹೊರಟವನು, ಎದ್ದರೆ ಏನು ಹೇಳಬೇಕಾಗುತ್ತದೆ ಎಂಬುದು ಮುಖದ ಮೇಲೆ ನಿಧಾನವಾಗಿ ಮೂಡಿ, ಶಾಲನ್ನು ಇನ್ನೊಂದು ಸಲ ಸರಿಮಾಡಿಕೊಂಡ. ಇಂಜಿನಿಯರ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದ. ಕಾರ್ಯದರ್ಶಿಯ ಪೆನ್ನು ಕಾಗದಕ್ಕೆ ತಾಗಿ ನಿಂತಲ್ಲಿ ಶಾಯಿಯ ಚುಕ್ಕೆ ಅಗಲವಾಗುತ್ತಿತ್ತು. ಯಾರಾದರೂ ಏಳಲಿ ಎಂದು ಅವನ ಮೈಯೆಲ್ಲ ಕಾಯುತ್ತಿತ್ತು. ಯಾರೂ ಏಳದಿರಲಿ ಎಂದೂ ಕಾಯುತ್ತಿತ್ತು. ಅಧ್ಯಕ್ಷೆ ಗಂಟಲು ಸರಿಪಡಿಸಿಕೊಂಡು, ನಡಾವಳಿ ದೃಢೀಕರಿಸಲಾಗಿದೆ ಎಂದಳು. ಎಲ್ಲೋ ಒಂದು ಮೂರನೆಯ ಮಹಡಿಯಲ್ಲಿ ಆಕೆ ಯಂತ್ರ ನಿಲ್ಲಿಸಿ ಇದನ್ನು ನೋಡಿರಬಹುದು, ಮತ್ತೆ ತುಳಿಯಲು ಶುರು ಮಾಡಿರಬಹುದು. ಅವನ ಎದೆಯಲ್ಲಿ ಬೆಚ್ಚನೆಯದೇನೋ ಏರಿತು. ಇವರೆಲ್ಲ ಒಳ್ಳೆಯವರು. ಕೇಳದೆಯೇ ಅರ್ಥ ಮಾಡಿಕೊಂಡರು. ಎಷ್ಟು ಜನ ಸೇರಿ ಒಬ್ಬ ಹೆಂಗಸಿಗಾಗಿ ಒಂದು ಸುಳ್ಳನ್ನು ಎತ್ತಿ ಹಿಡಿದರು.

ಆಯುಕ್ತರ ವರದಿ, ಎಂದಳು ಅಧ್ಯಕ್ಷೆ.

ಅವನು ಓದತೊಡಗಿದ. ರಸ್ತೆಗಳು, ಚರಂಡಿಗಳು. ಆ ಬೆಚ್ಚಗಿನದು ಎದೆಯಲ್ಲಿ ಇನ್ನೂ ಇತ್ತು, ಆದರೆ ಅದರ ತಳದಲ್ಲಿ ಏನೋ ಕೊರೆಯುತ್ತಿತ್ತು. ಆ ಸಂಜೆಯೂ ಹೀಗೇ ಗಂಟಲು ತುಂಬಿ ಬಂದಿತ್ತಲ್ಲ. ಆ ಸಂಜೆಯೂ ಪ್ರೀತಿ ಎಂದುಕೊಂಡಿದ್ದೆನಲ್ಲ. ಪುಟ ತಿರುವಿದ. ಮುಂದಿನ ಸಾಲು ಹೊಸ ಬಸ್ ನಿಲ್ದಾಣದ್ದು: ಜಾಗದ ತಕರಾರು ಇತ್ಯರ್ಥವಾಗದ ಕಾರಣ ಕಾಮಗಾರಿ ಆರಂಭವಾಗಿಲ್ಲ. ಎಲ್ಲರ ಮುಂದೆಯೂ ಅದೇ ಪುಟ ತೆರೆದಿತ್ತು. ಎಲ್ಲರೂ ಇವತ್ತು ಸಭೆಗೆ ಆ ಪೊದೆ ಬೆಳೆದ ಬಯಲನ್ನು ದಾಟಿಕೊಂಡೇ ಬಂದಿದ್ದರು. ಅವನು ಸಾಲಿನ ಮೇಲೆ ಬೆರಳಿಟ್ಟು, ಮೈಕಿಗೆ ಇನ್ನಷ್ಟು ಹತ್ತಿರ ಬಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ: "ಹೊಸ ಬಸ್ ನಿಲ್ದಾಣದ ಕಾಮಗಾರಿ ಪೂರ್ಣಗೊಂಡಿದೆ. ಕಳೆದ ವಾರದಿಂದ ಬಸ್ಸುಗಳು ಅಲ್ಲಿಂದಲೇ ಹೊರಡುತ್ತಿವೆ."

ತಲೆಯೆತ್ತಿ ಇಂಜಿನಿಯರನನ್ನು ನೋಡಿದ. ಇಂಜಿನಿಯರನೂ ಅವನನ್ನು ನೋಡಿದ. ತನ್ನ ಪುಟವನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಅವನ ಎರಡೂ ಅಂಗೈ ಮೇಜಿನ ಅಂಚಿಗೆ ಬಂದವು, ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿಯಿತು. ಏಳು, ಎಂದು ಆಯುಕ್ತ ಮನಸ್ಸಿನಲ್ಲೇ ಬೇಡಿಕೊಂಡ, ಏಳಪ್ಪ, ಎದ್ದು ಹೇಳು. ಇಂಜಿನಿಯರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದು, ತನ್ನ ಪುಟದಲ್ಲಿದ್ದ ಸಾಲನ್ನು ಹೊಡೆದುಹಾಕಿ, ಆಯುಕ್ತ ಹೇಳಿದ್ದನ್ನು ಬರೆದುಕೊಂಡ.